ಫೋಟೋ ಆಯ್ತಾ? ನಡೀರಿ

ಈ ದೇಶದಲ್ಲಿ ಸೆಲ್ಫಿಯನ್ನು ಬೈಯದ ಹಿರಿಯರಿಲ್ಲ. ಸೆಲ್ಫಿಗೆ ಮುಖ ಒಡ್ಡದ ಹಿರಿಯರೂ ಇಲ್ಲ.

ಯಾವುದಾದರೂ ಕಾಲೇಜಿನ ವಾರ್ಷಿಕೋತ್ಸವಕ್ಕೆ ಹೋಗಿ ನೋಡಿ. ಮುಖ್ಯ ಅತಿಥಿಗಳು ಮೈಕ್ ಹಿಡಿದು ಮುಕ್ಕಾಲು ಗಂಟೆ ಗುಡುಗುತ್ತಾರೆ. ಯುವಜನರು ಮೊಬೈಲಿಗೆ ದಾಸರಾಗಿದ್ದಾರೆ. ಸೆಲ್ಫಿ ಎಂಬ ಪಿಡುಗು ನಮ್ಮ ಸಂಸ್ಕೃತಿಯನ್ನು ನುಂಗುತ್ತಿದೆ. ಚಪ್ಪಾಳೆ. ಭಾಷಣ ಮುಗಿಸಿ ವೇದಿಕೆ ಇಳಿಯುವಾಗ ಅದೇ ಅತಿಥಿಗಳು ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಶಾಲು ಸರಿಮಾಡಿಕೊಳ್ಳುತ್ತಾರೆ. "ಬನ್ರಪ್ಪಾ, ಎಲ್ರೂ ಬನ್ನಿ, ಒಂದು ಸೆಲ್ಫಿ ಆಗ್ಲಿ."

ಅವರು ಕಾರು ಹತ್ತುವ ಮೊದಲೇ ಆಪ್ತ ಸಹಾಯಕ ಅದನ್ನು ಫೇಸ್‌ಬುಕ್ಕಿಗೆ ಏರಿಸಿರುತ್ತಾನೆ. ಶೀರ್ಷಿಕೆ: ಯುವಶಕ್ತಿಯೊಂದಿಗೆ ಸಂವಾದ. ಸಂವಾದ ಯಾವಾಗ ನಡೆಯಿತು ಎಂದು ಕೇಳಬೇಡಿ. ಹುಡುಗರು ಬಾಯಿ ಬಿಟ್ಟದ್ದು ಹಲ್ಲು ತೋರಿಸಲು ಮಾತ್ರ.

ಆದ್ದರಿಂದ, ಹದಿಹರೆಯದ ಹುಡುಗಿ ತುಟಿ ಚೂಪು ಮಾಡಿದ್ದನ್ನು ಗೇಲಿ ಮಾಡುವ ಕೆಲಸ ನನಗೆ ಬೇಡ. ಅದಕ್ಕೆ ಟಿ.ವಿ.ಯ ಹಾಸ್ಯ ಕಾರ್ಯಕ್ರಮಗಳಿವೆ. ತನ್ನ ಮುಖವನ್ನು ತಾನು ನೋಡಿಕೊಳ್ಳುವ ಆಸೆ ಇವತ್ತಿನದೇನಲ್ಲ. ಫಿಲಡೆಲ್ಫಿಯಾದ ರಾಬರ್ಟ್ ಕಾರ್ನೀಲಿಯಸ್ 1839ರಲ್ಲೇ ಮನೆಯವರ ದೀಪದಂಗಡಿಯ ಹಿತ್ತಿಲಲ್ಲಿ ಕ್ಯಾಮೆರಾ ಹೂಡಿ, ಅದರ ಎದುರು ತಾನೇ ನಿಂತ. ತಲೆ ಕೆದರಿತ್ತು. ಕೈ ಕಟ್ಟಿಕೊಂಡಿದ್ದ. ನಗುವಿನ ಸುಳಿವಿಲ್ಲ. ಯಾರಿಂದಲೂ ಲೈಕ್ ಬರುವ ಭರವಸೆಯೂ ಇರಲಿಲ್ಲ, ಪಾಪ.

ಮರುವರ್ಷ, 1840ರಲ್ಲಿ, ಫ್ರಾನ್ಸಿನ ಇಪ್ಪೊಲಿತ್ ಬಯಾರ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಕಾಗದದ ಮೇಲೆ ಫೋಟೋ ಮೂಡಿಸುವ ವಿಧಾನವನ್ನು ಅವನೂ ಕಂಡುಹಿಡಿದಿದ್ದ. ಸರ್ಕಾರ ಫೋಟೋ ಮೂಡಿಸುವ ಬೇರೆ ವಿಧಾನ ಕಂಡುಹಿಡಿದ ಡಾಗೇರನಿಗೆ ಪಿಂಚಣಿ ಕೊಟ್ಟು ಇವನನ್ನು ಮೂಲೆಗೆ ಸರಿಸಿತು. ಸಿಟ್ಟು ಬಂತು. ನೀರಲ್ಲಿ ಮುಳುಗಿ ಸತ್ತ ಹೆಣದಂತೆ ಕೂತು ತನ್ನ ಫೋಟೋವನ್ನು ತಾನೇ ತೆಗೆದ. ಅಂದರೆ ಸೆಲ್ಫಿ ಹುಟ್ಟಿದ ವರ್ಷದೊಳಗೇ ನಾಟಕವೂ ಹುಟ್ಟಿತು. ಆತ ಸರ್ಕಾರವನ್ನು ಚುಚ್ಚಲು ಸತ್ತಂತೆ ನಟಿಸಿದ. ನಾವು ನಟಿಸುತ್ತ ನಟಿಸುತ್ತ ನಿಜವಾಗಿಯೇ ಸಾಯುತ್ತೇವೆ. ಆ ವಿಷಯಕ್ಕೆ ಆಮೇಲೆ ಬರೋಣ.

ನಮ್ಮೂರ ಸ್ಟುಡಿಯೋಗಳೂ ಸತ್ಯಹರಿಶ್ಚಂದ್ರನ ಮನೆಗಳಾಗಿರಲಿಲ್ಲ. ಹಿಂದೆ ಬಣ್ಣ ಬಳಿದ ಪರದೆ. ಪರದೆಯ ಮೇಲೆ ತಾಜಮಹಲು, ಇಲ್ಲದಿದ್ದರೆ ಎಲ್ಲಿಗೂ ಹೋಗದ ಮೆಟ್ಟಿಲುಗಳು. ಗೋಡೆಗೆ ಕನ್ನಡಿ, ಹಲ್ಲು ಮುರಿದ ಬಾಚಣಿಗೆ, ಪೌಡರ್ ಡಬ್ಬಿ. ಮೊಳೆಗೆ ತೂಗುಹಾಕಿದ ಒಂದೇ ಒಂದು ಕೋಟು. ಊರಿನ ಅರ್ಧ ಗಂಡಸರು ಅದೇ ಕೋಟಿನಲ್ಲಿ ಸಾಹೇಬರಾದರು. ಪಕ್ಕದ ಸ್ಟೂಲಿನ ಮೇಲೆ ತಂತಿಯೇ ಇಲ್ಲದ ಟೆಲಿಫೋನು. ಮನೆಗೆ ಫೋನ್ ಬರಲು ಇನ್ನೊಂದು ತಲೆಮಾರು ಬೇಕಿತ್ತು. ಅಜ್ಜ ಮಾತ್ರ ಆಗಲೇ ರಿಸೀವರ್ ಹಿಡಿದು ಯಾರೊಂದಿಗೋ ಗಹನವಾಗಿ ಮಾತಾಡುತ್ತಿದ್ದರು.

ಟಚಪ್ ಬೇರೆ ಇತ್ತು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿದರೆ ಸಿಡುಬಿನ ಕಲೆ ಮಾಯ, ಕೆನ್ನೆಯ ಗುಳಿ ಭರ್ತಿ. ಹೆಣ್ಣು ತೋರಿಸುವ ಫೋಟೋಗಳಿಗೆ ಪೆನ್ಸಿಲ್ ಸ್ವಲ್ಪ ಜಾಸ್ತಿಯೇ ಓಡುತ್ತಿತ್ತು. ಇದನ್ನೆಲ್ಲ ಮಾಡಿಸಿಕೊಂಡವರ ಮೊಮ್ಮಗಳಿಗೆ ಈಗ ಮನೆಯಲ್ಲಿ ಉಪದೇಶ: "ಏನೇ ಅದು ಫಿಲ್ಟರು? ದೇವರು ಕೊಟ್ಟ ಮುಖ ಸಾಲಲ್ವಾ?"

ಹಾಗಾದರೆ ಬದಲಾದದ್ದು ಯಾವುದು? ಕ್ರಮ.

ಅಗ್ಫಾ ಕ್ಲಿಕ್-3 ಕ್ಯಾಮೆರಾ ನೆನಪಿರುವವರು ಹೇಳಲಿ. ಒಂದು ರೋಲಿಗೆ 12 ಚಿತ್ರ. ಒಂದು ನಾಮಕರಣ, ಒಂದು ದೀಪಾವಳಿ, ಒಂದು ಧರ್ಮಸ್ಥಳ ಯಾತ್ರೆ, ಅಷ್ಟಾದರೂ ಎರಡು ಚಿತ್ರ ಉಳಿದಿರುತ್ತಿತ್ತು. ರೋಲ್ ಮುಗಿಯದೆ ತೊಳೆಸುವಂತಿಲ್ಲ. ತೊಳೆಸದೆ ನೋಡುವಂತಿಲ್ಲ. ಕಣ್ಣು ಮುಚ್ಚಿದ ಸೋದರಮಾವ ಆಲ್ಬಮ್ಮಿನಲ್ಲಿ ಇವತ್ತಿಗೂ ಎಚ್ಚರಾಗಿಲ್ಲ. ಮೊದಲು ಏನೋ ಒಂದು ನಡೆಯುತ್ತಿತ್ತು, ಆಮೇಲೆ ಅದರದೊಂದು ಫೋಟೋ. ಈಗ ಮೊದಲು ಫೋಟೋ. ನಡೆಯುವುದು ಗಿಡೆಯುವುದೆಲ್ಲ ಆಮೇಲೆ, ಫ್ರೇಮಿಗೆ ಅಡ್ಡ ಬರದಿದ್ದರೆ.

ಫೋನಿನ ಮುಂಭಾಗಕ್ಕೆ ಕ್ಯಾಮೆರಾ ಇಟ್ಟದ್ದು ವಿಡಿಯೊ ಕರೆಗೆಂದು. 2003ರ ಸೋನಿ ಎರಿಕ್ಸನ್ ಫೋನಿನಲ್ಲೂ ಅದಕ್ಕೇ, 2010ರ ಐಫೋನ್ 4ರಲ್ಲೂ ಅದಕ್ಕೇ. ದೂರದಲ್ಲಿದ್ದವರ ಮುಖ ನೋಡಿ ಮಾತಾಡಲಿ ಎಂದು ಕೊಟ್ಟರು. ನಾವು ಎದುರಿದ್ದವರನ್ನೂ ಬಿಟ್ಟೆವು.

ಒಂದು ಮದುವೆಗೆ ಬನ್ನಿ. ಮುಹೂರ್ತ ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಎಂದು ಲಗ್ನಪತ್ರಿಕೆಯಲ್ಲಿ ಅಚ್ಚಾಗಿದೆ. ಅದಕ್ಕಾಗಿ ಎರಡೂ ಕಡೆಯವರು ಜೋಯಿಸರ ಮನೆಗೆ ಅಲೆದಿದ್ದಾರೆ. ಕೊನೆಗೆ ಮುಹೂರ್ತ ನಿರ್ಧರಿಸುವವನು ಡ್ರೋನ್ ಹಾರಿಸುವ ಹುಡುಗ.

"ಸ್ವಾಮಿ, ಸ್ವಲ್ಪ ಸೈಡಿಗೆ ಬನ್ನಿ, ನಿಮ್ಮ ತಲೆ ಬರ್ತಿದೆ." ಮಂತ್ರ ನಿಲ್ಲುತ್ತದೆ. "ಸಾರ್, ತಾಳಿ ಇನ್ನೊಂದ್ಸಲ ಎತ್ತಿ. ಕಟ್ಬೇಡಿ, ಎತ್ತಿ ಅಷ್ಟೇ. ಮೇಡಂ, ಸ್ವಲ್ಪ ನಾಚ್ಕೊಳ್ಳಿ." ರಾಹುಕಾಲಕ್ಕೆ ಗಡಗಡ ನಡುಗುವ ಕುಟುಂಬ ಕ್ಯಾಮೆರಾದವನ ಮುಂದೆ ಕೈಕಟ್ಟಿ ನಿಲ್ಲುತ್ತದೆ. ಅಕ್ಷತೆ ಹಿಡಿದು ಕಾಯುತ್ತಿರುವ ನೂರಾರು ಜನರಿಗೆ ಕಾಣುವುದು ಫೋಟೋಗ್ರಾಫರನ ಬೆನ್ನು. ಎಸೆದ ಅಕ್ಷತೆ ಬೀಳುವುದೂ ಅವನ ಮೇಲೆಯೇ. ಈ ರಾಜ್ಯದಲ್ಲಿ ದೀರ್ಘ ದಾಂಪತ್ಯದ ಆಶೀರ್ವಾದವನ್ನು ಅತಿ ಹೆಚ್ಚು ಸಲ ಪಡೆದವರು ಅವರೇ ಇರಬೇಕು.

ಆರತಕ್ಷತೆಯದು ಬೇರೆ ಕಥೆ. ಸಾಲಿನಲ್ಲಿ ಒಂದು ಗಂಟೆ ನಿಂತು ವೇದಿಕೆ ಹತ್ತಿದವರು ವಧೂವರರ ಮುಖ ನೋಡುವುದಿಲ್ಲ. ಲೆನ್ಸ್ ನೋಡುತ್ತಾರೆ. ಮುಯ್ಯಿ ಕವರನ್ನು ಕೊಡುತ್ತಾರೆ, ಆದರೆ ಬಿಡುವುದಿಲ್ಲ. ಕ್ಲಿಕ್ ಆದ ಮೇಲೆ ಬಿಡುತ್ತಾರೆ. ಕೆಳಗೆ ಊಟದ ಎಲೆಗೆ ಹೋಳಿಗೆ ಬಿದ್ದಿದೆ, ತುಪ್ಪ ಬಿದ್ದಿದೆ, ಮುಟ್ಟುವಂತಿಲ್ಲ. ಪಕ್ಕದವರು ಮೇಲಿನಿಂದ ಎಲೆಯ ಚಿತ್ರ ತೆಗೆಯುತ್ತಿದ್ದಾರೆ. ಕೈಗೆ ಬಂದ ತುತ್ತು ಬಾಯಿಗೆ ಬರದಿರುವುದು ಒಂದು ಕಾಲಕ್ಕೆ ದುರದೃಷ್ಟ. ಈಗ ಪದ್ಧತಿ.

ಆ ಸಾವಿರಾರು ಚಿತ್ರಗಳು ಎಲ್ಲಿಗೆ ಹೋಗುತ್ತವೆ? ಪೆನ್‌ಡ್ರೈವಿಗೆ. ಪೆನ್‌ಡ್ರೈವ್ ಎಲ್ಲಿಗೆ? ಬೀರುವಿಗೆ. ಆಲ್ಬಮ್ಮಿಗೆ ಚಿತ್ರ ಆರಿಸಿಕೊಡಿ ಎಂದು ಸ್ಟುಡಿಯೋದವರು ತಿಂಗಳುಗಟ್ಟಲೆ ಫೋನ್ ಮಾಡುತ್ತಾರೆ. ಮನೆಯವರಿಗೆ ಪುರುಸೊತ್ತಿಲ್ಲ. ಅಷ್ಟರಲ್ಲಿ ಬಸುರಿ ಫೋಟೋ ಶೂಟ್ ಬಂದಿರುತ್ತದೆ.

ಮದುವೆಗೆ ಮೊದಲಿನ ಶೂಟಿಂಗಿನ ವಿಚಾರದಲ್ಲಿ ಚಿತ್ರದುರ್ಗ ಜಿಲ್ಲೆಯ ಭರಮಸಾಗರವನ್ನು ಮೀರಿಸಿದವರಿಲ್ಲ. 2024ರ ಫೆಬ್ರುವರಿ. ಅಲ್ಲಿನ ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಗುತ್ತಿಗೆ ವೈದ್ಯರೊಬ್ಬರು ಭಾವಿ ಪತ್ನಿಯ ಜೊತೆ ಆಪರೇಷನ್ ಮಾಡುವಂತೆ ನಟಿಸಿದರು. ಟೇಬಲ್ ಮೇಲೆ ಒಬ್ಬ ರೋಗಿ. ಮೇಲೆ ಲೈಟು. ಸುತ್ತ ಕ್ಯಾಮೆರಾ. ಕೊನೆಗೆ ರೋಗಿ ಎದ್ದು ಕೂತು ನಕ್ಕ. ವಿಡಿಯೊ ಊರೆಲ್ಲ ಓಡಾಡಿತು. ವೈದ್ಯರನ್ನು ಕೆಲಸದಿಂದ ತೆಗೆದರು. ಸರಿ.

ಆದರೆ ಆ ಗದ್ದಲದಲ್ಲಿ ಆರೋಗ್ಯಾಧಿಕಾರಿಗಳು ಹೇಳಿದ ಒಂದು ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಥಿಯೇಟರ್ ದುರಸ್ತಿಗೆಂದು ತಿಂಗಳುಗಟ್ಟಲೆಯಿಂದ ಬಳಕೆಯಲ್ಲಿರಲಿಲ್ಲವಂತೆ. ಅಂದರೆ ಅಷ್ಟು ದಿನಗಳಲ್ಲಿ ಅಲ್ಲಿ ನಡೆದ ಏಕೈಕ ಆಪರೇಷನ್ ಅದು. ಯಶಸ್ವಿಯೂ ಆಯಿತು. ರೋಗಿ ನಗುತ್ತ ಎದ್ದ. ನಟಿಸಿದವರಿಗೆ ಶಿಕ್ಷೆಯಾಯಿತು. ಬೀಗ ಬಿದ್ದ ಥಿಯೇಟರಿಗೆ ಯಾರೂ ಹೊಣೆಯಲ್ಲ. ಅದು ವೈರಲ್ ಆಗುವಂಥ ದೃಶ್ಯವಲ್ಲವಲ್ಲ.

ಈಗ ಸಾವಿನ ಲೆಕ್ಕ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ 2011ರ ಅಕ್ಟೋಬರ್‌ನಿಂದ 2017ರ ನವೆಂಬರ್‌ವರೆಗಿನ ಸುದ್ದಿಗಳನ್ನು ಜಾಲಾಡಿತು. ಜಗತ್ತಿನಾದ್ಯಂತ ಸೆಲ್ಫಿ ತೆಗೆಯಲು ಹೋಗಿ ಸತ್ತವರು 259 ಜನ. ಎಲ್ಲ ದೇಶಗಳಿಗಿಂತ ಮುಂದೆ ಭಾರತ. ಕೊನೆಗೂ ಒಂದರಲ್ಲಿ ವಿಶ್ವಗುರು. ಸತ್ತವರಲ್ಲಿ ನೂರಕ್ಕೆ 72ಕ್ಕೂ ಹೆಚ್ಚು ಗಂಡಸರು. ಆದರೆ ಸೆಲ್ಫಿ ಹುಚ್ಚಿನ ಬಗ್ಗೆ ಬರುವ ಜೋಕುಗಳಲ್ಲಿ ಇರುವುದು ಯಾರು? ಹೆಂಗಸರು. ಕನ್ನಡಿ ಮುಂದೆ ನಿಂತವಳು ಹುಚ್ಚಿ. ಬಂಡೆಯಂಚಿಗೆ ನಿಂತವನು ಸಾಹಸಿ.

ಅಂಥ ಒಬ್ಬ ಸಾಹಸಿ 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಕಾಡಾನೆಯ ಜೊತೆ ಸೆಲ್ಫಿಗೆ ಹೋದ. ಆನೆಗೆ ಪೋಸು ಕೊಡುವ ಅಭ್ಯಾಸವಿರಲಿಲ್ಲ. ಅಟ್ಟಿಸಿಕೊಂಡು ಬಂತು, ಬೀಳಿಸಿತು, ಏನೋ ಕರುಣೆ ಬಂದು ಬಿಟ್ಟು ಹೋಯಿತು. ಅರಣ್ಯ ಇಲಾಖೆ 25 ಸಾವಿರ ರೂಪಾಯಿ ದಂಡ ಹಾಕಿತು. ಅಷ್ಟಕ್ಕೇ ಬಿಡಲಿಲ್ಲ. ತಪ್ಪಾಯಿತು, ಯಾರೂ ಹೀಗೆ ಮಾಡಬೇಡಿ ಎಂದು ಅವನ ಬಾಯಿಂದಲೇ ಹೇಳಿಸಿತು. ಎಲ್ಲಿ? ವಿಡಿಯೊದಲ್ಲಿ.

ನಗು ಇಲ್ಲಿಗೆ ಸಾಕು.

2017ರ ಫೆಬ್ರುವರಿಯಲ್ಲಿ ಕೊಪ್ಪಳದಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಹುಡುಗನಿಗೆ ಬಸ್ಸು ಬಡಿಯಿತು. ರಕ್ತದಲ್ಲಿ ಬಿದ್ದು ಸಹಾಯ ಬೇಡಿದ. ಸುತ್ತ ಜನ ಸೇರಿದರು. ಅವರ ಕೈಯಲ್ಲಿ ಫೋನಿತ್ತು. ಆಂಬುಲೆನ್ಸಿಗೆ ಮೂರು ಅಂಕಿ ಒತ್ತಲು ಬಳಸುವ ಅದೇ ಫೋನು. ಫೋಟೋ ತೆಗೆದರು, ವಿಡಿಯೊ ಮಾಡಿದರು. ಹುಡುಗ ಬದುಕಲಿಲ್ಲ. ಆ ವಿಡಿಯೊ ನಮ್ಮ ನಿಮ್ಮ ಫೋನಿಗೂ ಬಂತು. ಮಾನವೀಯತೆ ಸತ್ತುಹೋಗಿದೆ ಎಂಬ ಅಡಿಬರಹ ಹಾಕಿ, ಅಳುವ ಮುಖ ಅಂಟಿಸಿ, ಇಡೀ ರಾಜ್ಯ ಅದೇ ವಿಡಿಯೊವನ್ನು ಮುಂದಕ್ಕೆ ಕಳಿಸಿತು. ತೆಗೆದವರು ಕ್ರೂರಿಗಳು. ಹಂಚಿದವರು ಸಂವೇದನಾಶೀಲರು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರಗೆ, ಕನಕಪುರದ ಕಡೆ, ಬೆಟ್ಟದ ಕಲ್ಯಾಣಿಯೊಂದಕ್ಕೆ ಇಳಿದ ವಿದ್ಯಾರ್ಥಿಗಳು ಸೆಲ್ಫಿ ತೆಗೆದುಕೊಂಡರು. ಮುಂದೆ ನಗುವ ಮುಖಗಳು. ಹಿಂದೆ, ಅದೇ ನೀರಿನಲ್ಲಿ, ಅವರದೇ ಗೆಳೆಯ ಮುಳುಗುತ್ತಿದ್ದ. ಆಮೇಲೆ ಫೋಟೋ ನೋಡಿದಾಗ ಕಂಡದ್ದು. ಆ ಮಕ್ಕಳನ್ನು ಬೈಯಲು ನನಗೆ ಮನಸ್ಸಿಲ್ಲ. ಪರದೆಯಲ್ಲಿ ತನ್ನ ಮುಖ ತುಂಬಿಕೊಂಡಿದ್ದಾಗ ಬೆನ್ನ ಹಿಂದೆ ಏನಾಗುತ್ತಿದೆ ಎಂದು ಯಾರಿಗೂ ಕಾಣುವುದಿಲ್ಲ. ಅವರಿಗೆ ಹದಿನೇಳು, ಹದಿನೆಂಟು ವಯಸ್ಸು. ಅರವತ್ತಾದವರಿಗೂ ಕಾಣುವುದಿಲ್ಲ. ಅಂಥವರ ಕೈಯಲ್ಲಿ ಮಂತ್ರಿ ಖಾತೆಗಳಿವೆ.

2016ರ ಬೇಸಿಗೆಯಲ್ಲಿ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋಗುತ್ತಿತ್ತು. ಬರ ನೋಡಲು ಹೋದ ಮಹಾರಾಷ್ಟ್ರದ ಅಂದಿನ ಜಲಸಂರಕ್ಷಣಾ ಸಚಿವೆ ಪಂಕಜಾ ಮುಂಡೆ ಹೂಳೆತ್ತುತ್ತಿದ್ದ ನದಿಯ ಮುಂದೆ ಸೆಲ್ಫಿ ತೆಗೆದುಕೊಂಡರು. ಅದೇ ವರ್ಷ ರಾಜಸ್ಥಾನದ ಮಹಿಳಾ ಆಯೋಗದ ಸದಸ್ಯೆಯೊಬ್ಬರು ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಗಳ ಜೊತೆ ಸೆಲ್ಫಿ ತೆಗೆದರು. ಗಲಾಟೆಯಾಗಿ ರಾಜೀನಾಮೆ ಕೊಟ್ಟರು. ನಮ್ಮವರು ಅಷ್ಟು ದಡ್ಡರಲ್ಲ. ಸ್ವಂತ ಕೈಯಿಂದ ತೆಗೆಯುವುದಿಲ್ಲ. ಬರ ಪರಿಶೀಲನೆಗೆ ಹೊಲಕ್ಕಿಳಿದು, ಒಣಗಿದ ತೆನೆಯೊಂದನ್ನು ಕಿತ್ತು, ಹುಬ್ಬು ಗಂಟಿಕ್ಕಿ, ಕ್ಯಾಮೆರಾದವರು ಕೈಸನ್ನೆ ಮಾಡುವ ತನಕ ಅದನ್ನೇ ನೋಡುತ್ತಾರೆ. ಹತ್ತು ಕೈ ಸೇರಿ ಒಬ್ಬ ರೋಗಿಗೆ ಒಂದು ಬಾಳೆಹಣ್ಣು ಕೊಡುವ ಫೋಟೋವನ್ನು ನೀವೂ ನೋಡಿದ್ದೀರಿ. ಹಣ್ಣು ರೋಗಿಯ ಕೈ ತಲುಪುವ ಫೋಟೋವನ್ನು ನಾನಂತೂ ನೋಡಿಲ್ಲ.

ಸರ್ಕಾರಕ್ಕೆ ಸೆಲ್ಫಿಯ ಮೇಲೆ ಸಿಟ್ಟು ಎಂದು ತಿಳಿದಿದ್ದರೆ ಅದು ನಿಮ್ಮ ಭ್ರಮೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ರೈಲು ಹಳಿಯ ಮೇಲೆ ನಿಂತು ಸೆಲ್ಫಿ ತೆಗೆದರೆ ಅದು ಅತಿಕ್ರಮ ಪ್ರವೇಶ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ದಂಡ, ಇಲ್ಲವೇ ಜೈಲು. ಅದೇ ರೈಲ್ವೆ ನಿಲ್ದಾಣಗಳಲ್ಲಿ ಪ್ರಧಾನಿಯವರ ಚಿತ್ರದೊಂದಿಗೆ ನಿಂತು ಸೆಲ್ಫಿ ತೆಗೆದುಕೊಳ್ಳಲು ಬೂತ್ ಕಟ್ಟಿತು. ಶಾಶ್ವತವಾದದ್ದಕ್ಕೆ 6.25 ಲಕ್ಷ ರೂಪಾಯಿ, ತಾತ್ಕಾಲಿಕವಾದದ್ದಕ್ಕೆ 1.25 ಲಕ್ಷ. 2023ರಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಮಧ್ಯ ರೈಲ್ವೆ ಕೊಟ್ಟ ಲೆಕ್ಕ ಇದು. ಜನರಲ್ ಬೋಗಿಯಲ್ಲಿ ಒಂಟಿಕಾಲಲ್ಲಿ ನಿಂತು ಬಂದವನು ಇಳಿದು ಇಲ್ಲಿ ಎರಡೂ ಕಾಲಲ್ಲಿ ನಿಂತು ನಗಬಹುದು. ಅದೇ ವರ್ಷ ಯುಜಿಸಿ ಕೂಡ ಕಾಲೇಜುಗಳಿಗೆ ಸೆಲ್ಫಿ ಪಾಯಿಂಟ್ ಮಾಡಿ ಎಂದು ಪತ್ರ ಬರೆಯಿತು. ಅಧ್ಯಾಪಕರ ಹುದ್ದೆ ಖಾಲಿಯಿರುವ ಕಾಲೇಜುಗಳಿಗೂ ಆ ಪತ್ರ ಹೋಗಿರಬೇಕು.

ನಮ್ಮ ಪುರಸಭೆ, ನಗರಸಭೆಗಳು ಹಿಂದೆ ಬಿದ್ದಿಲ್ಲ. ಊರಿಗೊಂದು "ಐ ಲವ್" ಫಲಕ ಬಂದಿದೆ. ಊರಿನ ಹೆಸರು, ನಡುವೆ ಕೆಂಪು ಹೃದಯ, ರಾತ್ರಿ ಮಿನುಗುವ ದೀಪ. ಅದರ ಬೆನ್ನಿಗೆ ಒಳಚರಂಡಿ ನೀರು ಸೇರುವ ಕೆರೆ. ಪಕ್ಕದ ಬೀದಿಯಲ್ಲಿ ದೀಪವಿಲ್ಲ. ಫಲಕದ ಮುಂದೆ ಮೂಗು ಮುಚ್ಚಿಕೊಂಡು ನಿಂತು, ಕ್ಲಿಕ್ ಎನ್ನುವಾಗ ಕೈ ತೆಗೆದು, ನಕ್ಕು, ಮತ್ತೆ ಮೂಗು ಮುಚ್ಚಿಕೊಂಡು ಹೋಗುವ ನಾಗರಿಕರನ್ನು ಯಾವ ಸಂಜೆ ಬೇಕಾದರೂ ನೋಡಬಹುದು. ವಾಸನೆ ಫೋಟೋದಲ್ಲಿ ಬರುವುದಿಲ್ಲ. ಆಡಳಿತ ನಿಂತಿರುವುದೇ ಈ ನಂಬಿಕೆಯ ಮೇಲೆ.

ಇನ್ನು ಸೆಲ್ಫಿಯೇ ಸರ್ಕಾರಿ ದಾಖಲೆಯಾದದ್ದನ್ನು ನೋಡಿ. 2019ರ ಭೋಪಾಲದ ಸುದ್ದಿ. ಮುಖ್ಯಮಂತ್ರಿಗಳ ಸಾಮೂಹಿಕ ವಿವಾಹ ಯೋಜನೆಯಲ್ಲಿ ವಧುವಿಗೆ 51 ಸಾವಿರ ರೂಪಾಯಿ ಸಿಗಬೇಕಾದರೆ ವರ ತನ್ನ ಮನೆಯ ಶೌಚಾಲಯದಲ್ಲಿ ನಿಂತು ಫೋಟೋ ತೆಗೆಸಿ ಕೊಡಬೇಕಿತ್ತು. ಕಾರಣ? ಮನೆಮನೆಗೆ ಹೋಗಿ ಶೌಚಾಲಯ ಇದೆಯೋ ಇಲ್ಲವೋ ಎಂದು ನೋಡಲು ಅಧಿಕಾರಿಗಳಿಗೆ ಆಗುವುದಿಲ್ಲ. 2022ರಲ್ಲಿ ಮನೆಮನೆಯಲ್ಲೂ ತ್ರಿವರ್ಣ ಹಾರಿಸುವ ಅಭಿಯಾನ. ಬಾವುಟದ ಜೊತೆ ಸೆಲ್ಫಿ ಏರಿಸಿದರೆ ಪ್ರಮಾಣಪತ್ರ. ದೇಶಭಕ್ತಿಯನ್ನು ಡೌನ್‌ಲೋಡ್ ಮಾಡಿಕೊಂಡು ಚೌಕಟ್ಟು ಹಾಕಿಸಬಹುದು.

ಇದರ ಪರಾಕಾಷ್ಠೆ ನರೇಗಾ. ಉದ್ಯೋಗ ಖಾತ್ರಿ ಕೆಲಸಕ್ಕೆ ಬಂದವರ ಫೋಟೋವನ್ನು ದಿನಕ್ಕೆ ಎರಡು ಸಲ ಆ್ಯಪಿಗೆ ಏರಿಸಬೇಕು ಎಂಬ ನಿಯಮ 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿಗಳ ಕಾಮಗಾರಿ ಬಿಟ್ಟು ಉಳಿದೆಲ್ಲ ಕಾಮಗಾರಿಗಳಿಗೂ ಕಡ್ಡಾಯವಾಯಿತು. ಬೆಳಿಗ್ಗೆ ಒಂದು, ಮಧ್ಯಾಹ್ನದ ಮೇಲೆ ಇನ್ನೊಂದು. ಭ್ರಷ್ಟಾಚಾರ ನಿಲ್ಲುತ್ತದೆ ಎಂದರು. 2025ರ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ ಸತ್ಯ ಒಪ್ಪಿಕೊಂಡಿತು. ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರಗಳು ಏರುತ್ತಿವೆ. ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆ. ಹಾಜರಿಯಲ್ಲಿ ಹೆಂಗಸರು, ಚಿತ್ರದಲ್ಲಿ ಗಂಡಸರು. ಒಬ್ಬನೇ ಹಲವು ಪಟ್ಟಿಗಳಲ್ಲಿ ಹಾಜರು.

ಪರಿಹಾರವೇನು ಗೊತ್ತೆ? ಪಂಚಾಯಿತಿಯಲ್ಲಿ ಸಿಬ್ಬಂದಿಯೇ ಕೂತು ಪ್ರತಿಯೊಂದು ಫೋಟೋವನ್ನೂ ಕಣ್ಣಾರೆ ಪರಿಶೀಲಿಸಬೇಕು ಎಂದಿತು ಅದೇ ಸುತ್ತೋಲೆ. ಕೆಲಸ ನೋಡಲು ಹೋಗುವ ಶ್ರಮ ತಪ್ಪಲಿ ಎಂದು ಫೋಟೋ ತಂದರು. ಈಗ ಫೋಟೋ ನೋಡಲು ಜನ ಬೇಕು. ಹೂಳೆತ್ತಿದ ಕೆರೆ ನೋಡಲು ಇನ್ನೂ ಯಾರೂ ಹೋಗಿಲ್ಲ.

ಈ ಏರ್ಪಾಡಿನಲ್ಲಿ ಸಿಕ್ಕಿಬಿದ್ದವರು ಕಳ್ಳರಲ್ಲ. ಬೆಳಿಗ್ಗೆ ಬೇಗ ಬಂದು, ಬಿಸಿಲೇರುವ ಮೊದಲು ಕೆರೆಯಲ್ಲಿ ತನ್ನ ಪಾಲಿನ ಮಣ್ಣು ಅಗೆದು ಮುಗಿಸಿದ ಹೆಂಗಸು ಮನೆಗೆ ಹೋಗುವಂತಿಲ್ಲ. ಎರಡನೇ ಫೋಟೋಗೆ ಕಾಯಬೇಕು. ಕೂಲಿಗಾರರ ಹಾಜರಿ ಹಾಕುವ ಕಾಯಕ ಬಂಧು ಫೋನನ್ನು ತಲೆಯ ಮೇಲೆತ್ತಿ ಸಿಗ್ನಲ್ ಹುಡುಕುತ್ತ ಏರಿ ಹತ್ತುತ್ತಾಳೆ. ಸಿಗ್ನಲ್ ಸಿಕ್ಕರೆ ಆ್ಯಪು ತೆರೆಯುವುದಿಲ್ಲ. ಆ್ಯಪು ತೆರೆದರೆ ಚಿತ್ರ ಏರುವುದಿಲ್ಲ.

ಅದೇ ಕೆರೆಯ ಕಾಮಗಾರಿ ಉದ್ಘಾಟನೆಗೆ ಬಂದವರು ಹೂ ಸುತ್ತಿದ ಹಾರೆ ಹಿಡಿದಿದ್ದರು. ಹಾರೆ ನೆಲಕ್ಕೆ ತಾಗಲಿಲ್ಲ. ಫೋಟೋ ಮರುದಿನ ಪತ್ರಿಕೆಯಲ್ಲಿ ಬಂತು. ನಿಜಕ್ಕೂ ಅಗೆದವಳ ಫೋಟೋ ಏರಲಿಲ್ಲ. ಅವತ್ತಿನ ಹಾಜರಿ ಬೀಳಲಿಲ್ಲ. ಹಾಜರಿ ಬೀಳದ ದಿನಕ್ಕೆ ಕೂಲಿ ಇಲ್ಲ.